ನೆಲದೊಳಗಿನ ಹಗೇವು: ಬೆವರು ಜೇನ್ನೊಣ ಗೂಡು ಮಾಡುವ ಬಗೆ

ಮಿರಗನ ಮಳೆ ಎರಡು ಸಲ ಹದವಾಗಿ ಬಿದ್ದು, ಆಮೇಲೆ ಮೂರು ನಾಲ್ಕು ದಿನ ಹೊಳವಾದರೆ ಸಾಕು. ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದ ವಡ್ಡಿನ ಮೇಲೆ, ಓಡಾಡಿ ಗಟ್ಟಿಯಾದ ಕಾಲುದಾರಿಯ ಅಂಚಿನಲ್ಲಿ, ಹುಲ್ಲು ಹತ್ತದ ಬೋಳು ನೆಲದಲ್ಲಿ ಪುಡಿಮಣ್ಣಿನ ಸಣ್ಣ ಸಣ್ಣ ಗುಡ್ಡೆ ಏಳುತ್ತವೆ. ಒಂದೊಂದು ಗುಡ್ಡೆ ರೂಪಾಯಿ ನಾಣ್ಯದಷ್ಟು ಅಗಲ. ಮಣ್ಣು ಜೋಳದ ನುಚ್ಚಿನ ಹಾಗೆ ಕಾಳುಕಾಳು. ನಡುವೆ ಬೆಂಕಿಕಡ್ಡಿ ಹೋಗುವಷ್ಟು ತೂತು. ಇರುವೆ ಗೂಡು ಅಂದುಕೊಂಡು ದಾಟಿ ಹೋಗುವವರೇ ಹೆಚ್ಚು. ಅಲ್ಲೇ ಹತ್ತು ನಿಮಿಷ ಕುಕ್ಕರಗಾಲಲ್ಲಿ ಕೂತರೆ, ಹಿಂಗಾಲಿಗೆ ಹಳದಿ ಪುಡಿ ಮೆತ್ತಿಕೊಂಡ ಪುಟ್ಟ ನೊಣವೊಂದು ತೂತಿನ ಮೇಲೆ ಅತ್ತಿತ್ತ ತೂಗಾಡಿ ಸರಕ್ಕನೆ ಒಳಗೆ ಇಳಿಯುವುದು ಕಾಣುತ್ತದೆ. ಅದೇ ಬೆವರು ಜೇನ್ನೊಣ.

ಇಂಗ್ಲಿಷಿನಲ್ಲಿ ಸ್ವೆಟ್ ಬೀ ಅನ್ನುತ್ತಾರೆ. ಈ ಬಳಗದ ಕೆಲವು ಸಣ್ಣ ಜಾತಿಗಳು ದುಡಿಯುವವರ ಮುಂಗೈ, ಕೊರಳ ಮೇಲೆ ಕೂತು ಬೆವರಿನ ಉಪ್ಪು ನೆಕ್ಕುತ್ತವೆ, ಹೆಸರು ಬಂದದ್ದು ಅದರಿಂದ. ಶಾಸ್ತ್ರದ ಹೆಸರು ಹ್ಯಾಲಿಕ್ಟಿಡೇ ಕುಟುಂಬ, ಜಗತ್ತಿನಲ್ಲಿ 4,000ಕ್ಕೂ ಹೆಚ್ಚು ಜಾತಿಗಳಿವೆ. ದಕ್ಷಿಣ ಭಾರತದ ಬಯಲುಸೀಮೆಯಲ್ಲಿ ಕಾಣುವವು ಹೆಚ್ಚಾಗಿ ಎರಡು ಬಗೆ. ಒಂದು ಲೇಸಿಯೊಗ್ಲಾಸಮ್ ಗುಂಪು: ಕಪ್ಪಗೆ ಅಥವಾ ಮಾಸಲು ಹಸಿರಿಗೆ, ಅಕ್ಕಿಕಾಳಿಗಿಂತ ತುಸು ಚಿಕ್ಕದು, ಸುಮಾರು 5ರಿಂದ 8 ಮಿ.ಮೀ. ಇನ್ನೊಂದು ನೊಮಿಯಾ, ಹೊಪ್ಲೊನೊಮಿಯಾ ಗುಂಪು: 10 ಮಿ.ಮೀ. ಮೀರಿದ್ದು, ಕರಿ ಹೊಟ್ಟೆಯ ಮೇಲೆ ಮುತ್ತಿನ ಹೊಳಪಿನ ನೀಲಿ, ಹಸಿರು ಪಟ್ಟೆ. ಬಿಸಿಲಿಗೆ ಹೊರಳಿದಾಗ ಆ ಪಟ್ಟೆ ಬಳೆಚೂರಿನ ಹಾಗೆ ಮಿಂಚುತ್ತದೆ. ಇದರ ಗೂಡಿನ ಬಾಯಿಯೂ ದೊಡ್ಡದು, ಪೆನ್ಸಿಲ್ಲಿಗಿಂತ ಸ್ವಲ್ಪ ಕಿರಿದು.

ಹೆಜ್ಜೇನು, ಕೋಲುಜೇನುಗಳಿಂದ ಇದನ್ನು ಬೇರೆ ಮಾಡಲು ಕಾಲು ನೋಡಿದರೆ ಸಾಕು. ಜೇನು ಪರಾಗವನ್ನು ಮಕರಂದದಲ್ಲಿ ಕಲಸಿ ಹಿಂಗಾಲಿಗೆ ಉಂಡೆ ಕಟ್ಟಿಕೊಂಡು ಹೋಗುತ್ತದೆ. ಬೆವರು ನೊಣ ಒಣ ಪುಡಿಯನ್ನೇ ಕಾಲಿನ ಕೂದಲಿಗೆ, ಕೆಲವು ಜಾತಿಯಲ್ಲಿ ಹೊಟ್ಟೆಯ ಅಡಿಗೂ ಹಚ್ಚಿಕೊಂಡು ಒಯ್ಯುತ್ತದೆ, ಕಾಲಿಗೆ ಅರಿಸಿನ ಬಳಿದಂತೆ ಕಾಣುತ್ತದೆ. ಬೆವರಿಗೆ ಬರುವ ಇನ್ನೊಂದು ಪುಟ್ಟ ಜೀವ ಮಿಸರಿ ಜೇನು. ಅದು ಗೋಡೆಯ ಸಂದು, ಮರದ ಪೊಟರೆಯಲ್ಲಿ ಮೇಣದ ಗೂಡು ಕಟ್ಟುತ್ತದೆ, ಬಾಯಿಗೆ ಅಂಟಿನ ಕೊಳವೆ ಇಡುತ್ತದೆ. ಬೆವರು ನೊಣಕ್ಕೆ ಮೇಣವಿಲ್ಲ, ಜೇನಿನ ದಾಸ್ತಾನಿಲ್ಲ. ಇರುವುದು ಮಣ್ಣು ಮತ್ತು ತನ್ನ ಮೈಯಿಂದ ಒಸರುವ ಒಂದು ತೆಳು ಲೇಪ, ಅಷ್ಟೇ. ಹಾಗಾಗಿ ಈ ನೊಣದ ಬದುಕು ಅರ್ಥವಾಗಬೇಕಾದರೆ ಹೂವಿಗಿಂತ ಮೊದಲು ಮಣ್ಣನ್ನು ನೋಡಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಹೊಲಗಳಲ್ಲಿ ನಾವು ಬೀಳು ಎಂದು ಲೆಕ್ಕಕ್ಕೆ ಹಿಡಿಯದ ಎರಡು ಮೊಳ ಗಟ್ಟಿ ನೆಲವೇ ಅದರ ಊರು.

ಬಾಯಿ ಸಣ್ಣದು, ಹೊಟ್ಟೆ ದೊಡ್ಡದು

ಹಗೇವು, ಅಂದರೆ ಕಾಳು ಕೂಡಿಡುವ ನೆಲದ ಗುಂಡಿ, ನೋಡಿದವರಿಗೆ ಈ ಗೂಡನ್ನು ವಿವರಿಸುವುದು ಸುಲಭ. ನೀರು ನಿಲ್ಲದ ಗಟ್ಟಿ ನೆಲ ಹುಡುಕಿ, ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಕೆಳಗೆ ಹೊಟ್ಟೆ ಅಗಲ ಮಾಡಿ, ಗೋಡೆಗೆ ಹಸಿ ತಾಗದಂತೆ ಹೊಟ್ಟು, ದಂಟು ಕೊಟ್ಟು, ಜೋಳ ತುಂಬಿ, ಮೇಲೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ಬೆವರು ನೊಣ ಮಾಡುವುದೂ ಇದೇ ಕ್ರಮದಲ್ಲಿ, ಇದೇ ಕಾರಣಕ್ಕೆ.

ಅಗೆಯುವುದು ಹೆಣ್ಣು. ಗಂಡಿಗೆ ಗೂಡೇ ಇಲ್ಲ. ಹೊತ್ತು ಮುಳುಗುವ ಹೊತ್ತಿಗೆ ಒಣ ಕಡ್ಡಿ, ಹುಲ್ಲಿನ ಎಸಳನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಸಾಲಾಗಿಯೋ ಗೊಂಚಲಾಗಿಯೋ ಜೋತು ಮಲಗಿರುವ ನೊಣಗಳು ಕಂಡರೆ ಅವು ಗಂಡುಗಳೇ ಇರಬೇಕು. ಹೆಣ್ಣು ದವಡೆಯಿಂದ ಮಣ್ಣು ಕೆರೆದು, ಕಾಲಿನಿಂದ ಹಿಂದಕ್ಕೆ ತಳ್ಳಿ, ಹೊಟ್ಟೆಯ ತುದಿಯಿಂದ ಮೇಲಕ್ಕೆ ನೂಕುತ್ತದೆ. ಅಗೆತ ಬಹುಪಾಲು ರಾತ್ರಿ ಮತ್ತು ನಸುಕಿನಲ್ಲಿ. ಹಗಲು ಹೂವಿನ ಕೆಲಸ. ಅದಕ್ಕೇ ಬೆಳಗ್ಗೆ ಏಳರ ಹೊತ್ತಿಗೆ ಗುಡ್ಡೆಯ ಮಣ್ಣು ಇನ್ನೂ ಹಸಿಯಾಗಿ, ಸುತ್ತಲಿನ ನೆಲಕ್ಕಿಂತ ಕಪ್ಪಗೆ ಕಾಣುತ್ತದೆ. ಬಳಕೆಯಲ್ಲಿರುವ ಗೂಡು ಗುರುತಿಸಲು ಇದಕ್ಕಿಂತ ಖಾತ್ರಿ ಗುರುತು ಬೇಡ.

ಬಾಯಿಯನ್ನು ಮಾತ್ರ ಸುರಂಗಕ್ಕಿಂತ ಬಿಗಿ ಮಾಡಿ, ಮಣ್ಣನ್ನು ಒತ್ತಿ ಒತ್ತಿ ತಲೆ ಹಿಡಿಸುವಷ್ಟಕ್ಕೆ ತರುತ್ತದೆ. ಅದರಿಂದ ಕೆಳಗೆ ಸುರಂಗ ತುಸು ಅಗಲ. ಲೇಸಿಯೊಗ್ಲಾಸಮ್ ಗುಂಪಿನ ಸಣ್ಣ ಜಾತಿಗಳಲ್ಲಿ 10ರಿಂದ 30 ಸೆಂ.ಮೀ. ಆಳ ಸಾಮಾನ್ಯ, ಮೇಲೆ ಒಣಗಿದಷ್ಟೂ ಹಸಿ ಹುಡುಕಿಕೊಂಡು ಇನ್ನೂ ಕೆಳಗೆ ಹೋಗುತ್ತದೆ. ಸುರಂಗದ ಅಕ್ಕಪಕ್ಕ ಗಿಡ್ಡ ಕವಲುಗಳು, ಕವಲಿನ ತುದಿಗೆ ಒಂದೊಂದು ಕೋಣೆ. ಕೆಲವು ಜಾತಿಗಳು ಕವಲು ಬಿಡದೆ ಕೋಣೆಗಳನ್ನು ಒತ್ತೊತ್ತಾಗಿ ಗೊಂಚಲು ಮಾಡುತ್ತವೆ. ಸಣ್ಣ ಜಾತಿಯ ಕೋಣೆ ಹೆಚ್ಚುಕಡಿಮೆ ಕಡಲೆಕಾಳಿನಷ್ಟು, ಆದರೆ ಉದ್ದುದ್ದ. ಹೊಪ್ಲೊನೊಮಿಯಾದ್ದು ಅದರ ಎರಡರಷ್ಟು.

ಕೋಣೆಯ ಒಳಗೋಡೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೊದಲು ನೊಣ ಹೊಟ್ಟೆಯ ತುದಿಯ ಗಟ್ಟಿ ತಟ್ಟೆಯಿಂದ ಮಣ್ಣನ್ನು ಬಡಿದು ನುಣುಪು ಮಾಡುತ್ತದೆ, ಕರಣಿಯಿಂದ ಗಿಲಾವು ತಿಕ್ಕಿದ ಹಾಗೆ. ಆಮೇಲೆ ಡ್ಯೂಫೋರ್ ಗ್ರಂಥಿ ಅನ್ನುವ ಗ್ರಂಥಿಯಿಂದ ಒಂದು ದ್ರವ ಬಿಟ್ಟು ಇಡೀ ಗೋಡೆಗೆ ಸವರುತ್ತದೆ. ಈ ಬಳಗದಲ್ಲಿ ಅದು ಲ್ಯಾಕ್ಟೋನ್ ಎಂಬ ಎಣ್ಣೆಯಂಥ ವಸ್ತು. ಒಣಗಿದ ಮೇಲೆ ಗೋಡೆ ಎಣ್ಣೆ ಕುಡಿದ ಹಣತೆಯ ಹಾಗೆ ಮಿನುಗುತ್ತದೆ. ಒಡೆದ ಕೋಣೆಯ ಚೂರೊಂದು ಸಿಕ್ಕರೆ, ಹುಲ್ಲುಕಡ್ಡಿಯಿಂದ ಒಂದು ಹನಿ ನೀರನ್ನು ಒಳಮೈಗೆ ಇಡಿ: ಕೆಸುವಿನ ಎಲೆಯ ಮೇಲೆ ನಿಂತಂತೆ ಹನಿ ಗುಂಡಗೆ ನಿಲ್ಲುತ್ತದೆ. ಅದೇ ಚೂರನ್ನು ತಿರುವಿ ಹೊರಮೈಗೆ ಹನಿಸಿದರೆ ನೀರು ಆಗಲೇ ಇಂಗಿರುತ್ತದೆ.

ಇಷ್ಟು ಕಷ್ಟ ಯಾಕೆ ಅಂದರೆ, ಒಳಗಿಡುವುದು ಬೇಗ ಬೂಸು ಹಿಡಿಯುವ ಸಾಮಾನು. ಪರಾಗಕ್ಕೆ ಒಂದಿಷ್ಟು ಮಕರಂದ ಸೇರಿಸಿ ಉಂಡೆ ಕಟ್ಟುತ್ತದೆ, ಮೇಲೆ ತುಸು ಚಪ್ಪಟೆ. ಒಂದು ಉಂಡೆಗೆ ಹಲವು ಸಲ ಹೂವಿಗೆ ಹೋಗಿ ಬರಬೇಕು. ಉಂಡೆ ಸಿದ್ಧವಾದ ಮೇಲೆ ಬಾಗಿದ ಬಿಳಿ ತತ್ತಿಯೊಂದನ್ನು ಅದರ ಮೇಲಿಟ್ಟು, ಕೋಣೆಯ ಬಾಯಿಗೆ ಮಣ್ಣು ಮೆತ್ತುತ್ತದೆ. ಆ ಮರಿಗೆ ಅಲ್ಲಿಂದ ರೆಕ್ಕೆ ಬರುವವರೆಗೆ ಅಷ್ಟೇ ಬುತ್ತಿ. ಸುತ್ತಲ ಮಣ್ಣಿನಲ್ಲಿ ಹಸಿ ಹೆಚ್ಚಾದರೆ ಉಂಡೆ ನೀರು ಎಳೆದುಕೊಂಡು ಕರಗುತ್ತದೆ, ಕಡಿಮೆಯಾದರೆ ಮರಿ ಒಣಗುತ್ತದೆ. ಎರಡನ್ನೂ ತಡೆಯುವುದು ಆ ತೆಳು ಲೇಪ. ಈ ಬಳಗದ ಬಹುಪಾಲು ಜಾತಿಗಳ ಮರಿಹುಳು ರೇಷ್ಮೆ ಸುತ್ತಿಕೊಳ್ಳುವುದೂ ಇಲ್ಲ, ತಾಯಿ ಸವರಿದ ಗೋಡೆಯೇ ಅದರ ಗೂಡು.

ಸಾಮಾನ್ಯವಾಗಿ ಒಂದು ಕೋಣೆಗೆ ಒಂದು ದಿನ ಹಿಡಿಯುತ್ತದೆ, ಮೋಡ ಕವಿದರೆ ಎರಡು. ತತ್ತಿ ಎರಡು ಮೂರು ದಿನಕ್ಕೆ ಒಡೆಯುತ್ತದೆ, ಮರಿ ವಾರದಲ್ಲಿ ಉಂಡೆ ಮುಗಿಸುತ್ತದೆ. ತಂಪು ನಾಡಿನ ಲೆಕ್ಕದಲ್ಲಿ ತತ್ತಿಯಿಂದ ನೊಣದವರೆಗೆ ನಾಲ್ಕೈದು ವಾರ, ಮಣ್ಣು ಬೆಚ್ಚಗಿದ್ದಲ್ಲಿ ಅದಕ್ಕಿಂತ ಬೇಗ. ಹೆಣ್ಣೋ ಗಂಡೋ ಅನ್ನುವುದು ತಾಯಿಯ ಕೈಯಲ್ಲಿದೆ: ಗಂಡಿನ ಬೀಜ ಸೇರಿಸಿದ ತತ್ತಿ ಹೆಣ್ಣಾಗುತ್ತದೆ, ಸೇರಿಸದೆ ಬಿಟ್ಟದ್ದು ಗಂಡಾಗುತ್ತದೆ.

ಒಂದೇ ಜಾತಿ, ಬೆಟ್ಟದಲ್ಲಿ ಒಂಟಿ, ಬಯಲಲ್ಲಿ ಸಂಸಾರ

ಬೆವರು ನೊಣಗಳನ್ನು ಜೀವಶಾಸ್ತ್ರಜ್ಞರು ಇಷ್ಟು ಹಚ್ಚಿಕೊಂಡದ್ದಕ್ಕೆ ಕಾರಣ ಇಲ್ಲಿದೆ. ಜೇನು ಯಾವಾಗಲೂ ಗುಂಪಿನಲ್ಲೇ ಬಾಳುತ್ತದೆ. ಈ ಬಳಗದಲ್ಲಿ ಒಂಟಿಯಾಗಿ ಬಾಳುವುದೂ ಉಂಟು, ತಾಯಿ ಮಕ್ಕಳು ಕೂಡಿ ಬಾಳುವುದೂ ಉಂಟು, ಒಂದೇ ಜಾತಿಯಲ್ಲಿ ಎರಡೂ ಉಂಟು.

ಹ್ಯಾಲಿಕ್ಟಸ್ ರುಬಿಕುಂಡಸ್ ಎಂಬ ಜಾತಿ ಯುರೋಪ್, ಅಮೆರಿಕ ಎರಡೂ ಕಡೆ ಇದೆ. ಬಯಲಿನ ಬೆಚ್ಚನೆಯ ಜಾಗದಲ್ಲಿ ವಸಂತಕ್ಕೆ ತಾಯಿ ಗೂಡು ತೋಡಿ, ಮೊದಲ ಸೂಲಿನ ಹೆಣ್ಣುಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತದೆ. ಅವು ದುಡಿದು ಎರಡನೇ ಸೂಲನ್ನು ಸಾಕುತ್ತವೆ. ಅದೇ ಜಾತಿ ಅಮೆರಿಕದ ಕೊಲೊರಾಡೊದ ಎತ್ತರದ ಬೆಟ್ಟಗಳಲ್ಲಿ ಒಂಟಿ. ಹಿಮ ಕರಗಿ ಮತ್ತೆ ಹಿಮ ಬೀಳುವುದರೊಳಗೆ ಒಂದೇ ಸೂಲಿಗೆ ಹೊತ್ತು ಸಿಗುತ್ತದೆ. ಮಗಳು ದುಡಿಯಬೇಕಾದ ಕಾಲವೇ ಅಲ್ಲಿಲ್ಲ. ಜಪಾನಿನ ಹೊಕ್ಕೈಡೊದಲ್ಲಿ ಲೇಸಿಯೊಗ್ಲಾಸಮ್ ಕಾಲ್ಸಿಯೇಟಮ್ ಜಾತಿಯಲ್ಲೂ ಇದೇ ಭೇದವನ್ನು ಶೊಯಿಚಿ ಸಕಾಗಾಮಿ ಮತ್ತು ಜೊತೆಗಾರರು 1972ರಲ್ಲಿ ಬರೆದಿಟ್ಟರು. ಇದು ಹುಟ್ಟುಗುಣವೋ ಹವೆಯ ಗುಣವೋ ಎಂಬ ಪ್ರಶ್ನೆಗೆ 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದು ಉತ್ತರ ಕೊಟ್ಟಿತು: ಒಂಟಿಯಾಗಿ ಬಾಳುತ್ತಿದ್ದ ಉತ್ತರದ ರುಬಿಕುಂಡಸ್ ನೊಣಗಳನ್ನು ಬೆಚ್ಚನೆಯ ದಕ್ಷಿಣಕ್ಕೆ ಒಯ್ದು ಬಿಟ್ಟಾಗ ಅವುಗಳಲ್ಲಿ ಕೆಲವು ಕೂಡಿ ಬಾಳತೊಡಗಿದವು.

ಭಾರತಕ್ಕೂ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಇರುವೆ, ಗೆದ್ದಲು, ಜೇನಿನ ಕೂಡುಬಾಳನ್ನು ಹೇಳಲು ಇಂದು ಎಲ್ಲ ಪಠ್ಯಗಳಲ್ಲಿ ಬಳಸುವ ಯೂಸೋಶಿಯಲ್ ಎಂಬ ಪದವನ್ನು ಕೀಟಶಾಸ್ತ್ರಜ್ಞೆ ಸುಝಾನ್ ಬಾತ್ರಾ 1966ರಲ್ಲಿ ಮೊದಲು ಬಳಸಿದ್ದು ಭಾರತದ ಬೆವರು ನೊಣಗಳ ಗೂಡುಗಳ ಬಗ್ಗೆ ಬರೆಯುವಾಗ. ಇದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕಾದ ಸಂಗತಿ.

ನಮ್ಮಲ್ಲಿ ಹಿಮವಿಲ್ಲ. ಸಂಡೂರಿನ ಕುಮಾರಸ್ವಾಮಿ ಬೆಟ್ಟಸಾಲು 1,000 ಮೀಟರ್ ಹತ್ತಿರದ ಎತ್ತರ ಮುಟ್ಟಿದರೂ ಕೊಲೊರಾಡೊದ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಇಲ್ಲಿ ಕೆಲಸ ನಿಲ್ಲಿಸುವುದು ಬೇಸಿಗೆಯ ಒಣಗು. ಹಸಿ ಇಂಗಿ, ಹೂವು ಮುಗಿದು, ನೆಲ ಕಲ್ಲಾದಾಗ ಅಗೆತ ನಿಲ್ಲುತ್ತದೆ. ಬೆಟ್ಟದಲ್ಲಿ ಮಣ್ಣು ತೆಳುವು, ಮೊಳ ಇಳಿದರೆ ಬಂಡೆ. ಸುರಂಗ ಬಂಡೆಗೆ ಮುಟ್ಟಿದಲ್ಲಿ ಪಕ್ಕಕ್ಕೆ ಹೊರಳಿಕೊಂಡು ಅದರ ಮೈಗುಂಟ ಸಾಗುತ್ತದೆ. ಆನೆಗುಂದಿ, ಕೊಪ್ಪಳದ ಕಡೆಯ ಕಲ್ಲುಗುಡ್ಡಗಳಲ್ಲಿ ಗುಂಡುಗಳ ಸಂದಿನ ಮಣ್ಣನ್ನು ತಪ್ಪದೆ ನೋಡಿ. ಬಂಡೆಯ ಮೇಲೆ ಬಿದ್ದ ಮಳೆಯೆಲ್ಲ ಇಳಿದು ಆ ಸಂದಿಗೇ ಸೇರುವುದರಿಂದ ಬಯಲು ಒಣಗಿದ ಮೇಲೂ ಅಲ್ಲಿ ಹಸಿ ಉಳಿದಿರುತ್ತದೆ.

ಬಾಗಿಲ ಕಾವಲು

ಕೂಡಿ ಬಾಳುವ ಜಾತಿಯ ಗೂಡಾದರೆ ತೂತಿನಲ್ಲಿ ಕರಿಗುಂಡಿಯೊಂದು ಕೂತಂತೆ ಕಾಣುತ್ತದೆ. ಅದು ಕಾವಲು ನೊಣದ ತಲೆ. ನಿಮ್ಮ ನೆರಳು ಬಿದ್ದರೆ ತಟ್ಟನೆ ಒಳಗಿಳಿಯುತ್ತದೆ. ಅಲುಗದೆ ಒಂದು ನಿಮಿಷ ಕೂತರೆ ಮತ್ತೆ ಬಂದು ಬಾಯಿ ತುಂಬುತ್ತದೆ. ಮನೆಯವಳು ಪರಾಗ ಹೊತ್ತು ಬಂದರೆ ಕೆಳಗೆ ಸರಿದು ಅಗಲದ ಜಾಗದಲ್ಲಿ ದಾರಿ ಬಿಡುತ್ತದೆ. ಇರುವೆ ಬಂದರೆ ಮಾತ್ರ ತಿರುಗಿ ನಿಂತು ಹೊಟ್ಟೆಯ ಬೆನ್ನನ್ನು ಬಾಯಿಗೆ ಒತ್ತಿ ಬಿಡುತ್ತದೆ, ಸೀಸೆಗೆ ಬಿರಡೆ ಜಡಿದ ಹಾಗೆ. ಬಾಯಿಯನ್ನು ಅಷ್ಟು ಬಿಗಿ ಮಾಡಿದ್ದರ ಫಲ ಇದು.

ವೈರಿಗಳು ಬಹಳ. ಬೆವರು ನೊಣದ ಹಿಂದೆ ಗೇಣು ದೂರದಲ್ಲಿ ನೆರಳಿನ ಹಾಗೆ ಹಾರಿಬರುವ ಬೂದು ನೊಣ, ಪರಾಗದ ಉಂಡೆಯ ಮೇಲೆ ತನ್ನ ಮರಿ ಬಿಡಲು ಹೊಂಚುವುದು. ತೂತಿನ ಮೇಲೆ ನಿಂತಲ್ಲೇ ಹಾರುತ್ತ ಹೊಟ್ಟೆಯ ತುದಿಯಿಂದ ತತ್ತಿ ಚಿಮ್ಮುವ ತುಪ್ಪುಳು ಮೈಯ ಬಾಂಬಿಲಿಡ್ ನೊಣ ಇನ್ನೊಂದು. ಸ್ಫೆಕೋಡಿಸ್ ಎಂಬುದು ಇದೇ ಬಳಗದ ನೊಣ. ಕೆಂಪು ಹೊಟ್ಟೆ, ಮೈಮೇಲೆ ಪರಾಗ ಹಿಡಿಯುವ ಕೂದಲಿಲ್ಲ. ಪರರ ಗೂಡಿಗೆ ನುಗ್ಗಿ ಅವರ ತತ್ತಿ ಹಾಳುಮಾಡಿ ತನ್ನದಿಡುತ್ತದೆ. ರೆಕ್ಕೆಯಿಲ್ಲದ, ಮಖಮಲ್ಲಿನಂಥ ಮೈಯ, ಬಿಳಿ ಚುಕ್ಕೆಯ ದೊಡ್ಡ ಇರುವೆಯಂಥದ್ದು ಗೂಡುಗಳ ನಡುವೆ ಅಡ್ಡಾಡಿದರೆ ಕೈಯಲ್ಲಿ ಹಿಡಿಯಬೇಡಿ. ಅದು ಇರುವೆಯಲ್ಲ, ಕಣಜದ ಜಾತಿ, ಕುಟುಕಿದರೆ ಬಲು ನೋವು. ಬೆವರು ನೊಣದ್ದಾದರೋ ಹಿಚುಕಿದರೆ ಮಾತ್ರ ಚುರ್ ಅನ್ನುವಷ್ಟು, ಅದೂ ಹೆಣ್ಣು ಮಾತ್ರ.

ಈ ವೈರಿಗಳಿಗೆ ಮದ್ದು ಹಾಕುವ ಯೋಚನೆ ಬೇಡ. ಗೂಡುಗಳ ಹಿಂಡು ದೊಡ್ಡದಿದ್ದಷ್ಟೂ ಅವೂ ಇರುತ್ತವೆ, ಹಿಂಡು ಅವುಗಳ ಜೊತೆಗೇ ಬಾಳುತ್ತ ಬಂದಿದೆ.

ಎರೆಯಲ್ಲಿ ಯಾಕಿಲ್ಲ, ಮಸಾರಿಯಲ್ಲಿ ಯಾಕುಂಟು

ಎರೆ, ಅಂದರೆ ಕಪ್ಪು ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ನೆಲದಲ್ಲಿ ಕಡಲೆಕಾಳಿನಷ್ಟು ಕೋಣೆ ಹೇಗೆ ಉಳಿದೀತು? ಬಿರುಕು ಅದನ್ನು ಸೀಳಿಕೊಂಡೇ ಹೋಗುತ್ತದೆ. ಲೇಪ ಒಡೆಯುತ್ತದೆ, ಇರುವೆಗೆ ದಾರಿಯಾಗುತ್ತದೆ. ಎರೆ ಸೀಮೆಯಲ್ಲಿ ಗೂಡು ಹುಡುಕುವವರು ಹೊಲದ ನಡುವೆ ಹುಡುಕಿ ಬೇಸರಪಡಬಾರದು. ಗರಸು ಹಾಕಿದ ಬಂಡಿದಾರಿ, ಹಳ್ಳದ ದಂಡೆ, ಮರಳು ಕೂಡಿದ ವಡ್ಡು, ಗುಡಿಯ ಸುತ್ತಲ ಬಯಲು ನೋಡಬೇಕು. ಮಸಾರಿ ಬೇರೆ. ಅದರಲ್ಲಿ ಮರಳು ಇರುವುದರಿಂದ ನೀರು ಬಸಿಯುತ್ತದೆ, ಜೇಡಿ ಇರುವುದರಿಂದ ಸುರಂಗ ಕುಸಿಯದೆ ನಿಲ್ಲುತ್ತದೆ. ಬರೀ ಮರಳಾದರೆ ಬಾಯಿ ಉದುರುತ್ತದೆ.

ತುಂಗಭದ್ರಾ ಕಾಲುವೆಯ ಭತ್ತದ ಸೀಮೆ, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ, ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ. ಲೇಪ ಮಳೆಯ ಹಸಿ ತಡೆದೀತು, ನಿಂತ ನೀರಿನಲ್ಲಿ ಉಸಿರು ಕಟ್ಟುವುದನ್ನು ತಡೆಯಲಾರದು. ಅಲ್ಲಿ ಉಳಿಯುವ ಜಾಗ ಬದು, ಕಾಲುವೆಯ ಏರಿ, ರಸ್ತೆಯ ಮಗ್ಗುಲು.

ಸವಳು ನೆಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟೂಶೆ ಕಣಿವೆಯಲ್ಲಿ ಕುದುರೆ ಮಸಾಲೆ ಮೇವಿನ ಬೀಜ ಬೆಳೆಯುವ ರೈತರು ನೊಮಿಯಾ ಮೆಲಾಂಡೆರಿ ಎಂಬ ಬೆವರು ನೊಣಕ್ಕಾಗಿ ಎಕರೆಗಟ್ಟಲೆ ನೆಲ ಮೀಸಲಿಟ್ಟಿದ್ದಾರೆ. ಅದು ಉಪ್ಪು ಮೇಲೆದ್ದ ಹಸಿ ನೆಲವನ್ನೇ ಬಯಸುವ ನೊಣ. ನೆಲದಡಿಯಿಂದ ನೀರು ಏರುತ್ತದೆ, ಮೇಲಿನ ಉಪ್ಪಿನ ಪದರ ಆ ಹಸಿ ಬೇಗ ಆರದಂತೆ ಹಿಡಿಯುತ್ತದೆ, ಕಳೆಯನ್ನೂ ಬೆಳೆಯಗೊಡುವುದಿಲ್ಲ. ರೈತರು ನೆಲದಡಿ ಕೊಳವೆಯಲ್ಲಿ ನೀರು ಕೊಟ್ಟು, ಮೇಲೆ ಉಪ್ಪು ಚೆಲ್ಲಿ ಆ ಹದ ಕಾಯುತ್ತಾರೆ. ಇದನ್ನು ಓದಿ ನಮ್ಮ ಸವಳು ಭೂಮಿಯೆಲ್ಲ ನೊಣಕ್ಕೆ ಒಳ್ಳೆಯದು ಎಂದು ತಿಳಿಯಬೇಡಿ, ಆ ಗುಣ ಆ ಜಾತಿಯದು. ಕಲಿಯಬೇಕಾದ್ದು ಇಷ್ಟು: ನೆಲದ ನೊಣಕ್ಕೂ ರೈತರು ಜಾಗ ಮಾಡಿ ಕೊಡಬಹುದು, ಅದು ಲಾಭದ ಕೆಲಸವೂ ಹೌದು.

ಗೂಡನ್ನು ನೋಡುವ ವಿಧಾನ

ಕೆಡವದೆ ನೋಡುವುದೇ ಮೊದಲು. ಬೆಳಗ್ಗೆ 8ರಿಂದ 11ರವರೆಗೆ ಒಂದು ಚದರ ಮೀಟರ್ ಗುರುತು ಮಾಡಿಕೊಂಡು ಕೂಡಿ. ಪರಾಗ ಹೊತ್ತು ನೊಣ ಇಳಿದ ಪ್ರತಿ ತೂತಿನ ಪಕ್ಕ, ನಾಲ್ಕು ಬೆರಳು ಬಿಟ್ಟು, ಉರಿದು ಉಳಿದ ಊದಿನಕಡ್ಡಿ ಚುಚ್ಚಿ. ತೀರ ಹತ್ತಿರ ಚುಚ್ಚಬಾರದು. ನೊಣ ಬಾಯಿಯ ಸುತ್ತಲ ಕಲ್ಲು, ಕಡ್ಡಿ, ಗುರುತು ನೋಡಿಕೊಂಡೇ ಮನೆ ಹುಡುಕುತ್ತದೆ. ಗುರುತು ಬದಲಾದರೆ ಸುತ್ತಿ ಸುತ್ತಿ ದಣಿಯುತ್ತದೆ. ಇದೇ ಕಾರಣಕ್ಕೆ ಹಗಲು ಆ ಜಾಗ ಗುಡಿಸುವುದೂ ತಪ್ಪು. ಲೆಕ್ಕ ಬೇಕಾದರೆ ಸಂಜೆ ಎಲ್ಲ ತೂತಿನ ಮೇಲೂ ಚಿಟಿಕೆ ಸಡಿಲ ಮಣ್ಣು ಉದುರಿಸಿ, ಮರುದಿನ ತೆರೆದವನ್ನು ಎಣಿಸಿ. ತೆರೆಯದೆ ಉಳಿದದ್ದು ಖಾಲಿಯಿರಬಹುದು, ಆದರೆ ಮೋಡ ಮುಸುಕಿದ ದಿನದ ಲೆಕ್ಕ ನಂಬಬೇಡಿ.

ತೂತು ಯಾರದ್ದೆಂದು ತಿಳಿಯದಿದ್ದರೆ ಹೀಗೆ: ಗುಡ್ಡೆಯೇ ಇಲ್ಲದೆ ಅಚ್ಚುಕಟ್ಟಾಗಿ ದುಂಡಗಿದ್ದರೆ ಟೈಗರ್ ಬೀಟಲ್ ಎಂಬ ಜೀರುಂಡೆಯ ಮರಿಯದ್ದು, ಸುತ್ತ ಕಾಳಿನ ಸಿಪ್ಪೆಯಿದ್ದರೆ ಇರುವೆಯದ್ದು, ಹುಳ ಹಿಡಿದು ತರುತ್ತಿದ್ದರೆ ಕಣಜದ್ದು.

ಒಳಗಿನ ರಚನೆ ನೋಡಲೇಬೇಕಾದ ಕೃಷಿ, ಜೀವಶಾಸ್ತ್ರದ ವಿದ್ಯಾರ್ಥಿಗಳು ಕನಿಷ್ಠ 20-30 ಗೂಡುಗಳ ಹಿಂಡಿನಲ್ಲಿ ಒಂದನ್ನು ಮಾತ್ರ ತೋಡಬಹುದು. ಮಳೆಯಾದ ಮೂರು ನಾಲ್ಕನೇ ದಿನ ಸರಿ. ಅದಕ್ಕಿಂತ ಮೊದಲು ಮಣ್ಣು ಚಾಕುವಿಗೆ ಮೆತ್ತಿ ಸುರಂಗದ ಬಾಯಿ ಮುಚ್ಚಿಹೋಗುತ್ತದೆ, ತಡವಾದರೆ ಹೆಂಟೆ ಹೆಂಟೆಯಾಗಿ ಒಡೆಯುತ್ತದೆ. ಮುಖಕ್ಕೆ ಹಚ್ಚುವ ಒಣ ಟಾಲ್ಕಂ ಪೌಡರನ್ನು ರಬ್ಬರ್ ಬುಗ್ಗೆಯಲ್ಲಿ ತುಂಬಿ ಮೆಲ್ಲಗೆ ಊದಿ, ಸುರಂಗದ ಗೋಡೆ ಬಿಳಿಯಾಗುತ್ತದೆ. ಮೇಲಿನಿಂದ ಅಗೆಯಬಾರದು. ಮೊದಲ ಸಲಕ್ಕೆ ಎಲ್ಲರೂ ಮಾಡುವ ತಪ್ಪು ಇದೇ, ಉದುರಿದ ಮಣ್ಣು ದಾರಿ ಮುಚ್ಚಿ ಅಲ್ಲಿಗೆ ಕೆಲಸ ಮುಗಿಯುತ್ತದೆ. ತೂತಿನಿಂದ 20 ಸೆಂ.ಮೀ. ದೂರಕ್ಕೆ 40 ಸೆಂ.ಮೀ. ಆಳದ ಕುಣಿ ತೆಗೆದು, ಅದರ ಗೋಡೆಯನ್ನು ಅಡುಗೆಮನೆಯ ಚಾಕುವಿನಿಂದ ಅರ್ಧ ಸೆಂ.ಮೀ. ದಪ್ಪಕ್ಕೆ ಸವರುತ್ತ ಗೂಡಿನ ಕಡೆ ಬನ್ನಿ. ಬಿಳಿ ಗೆರೆ ಕಂಡಲ್ಲಿಂದ ಚಾಕು ಬಿಟ್ಟು ಕುಂಚ, ಸೂಜಿ ಹಿಡಿಯಿರಿ. ಪ್ರತಿ ಕೋಣೆಯ ಆಳ ಬರೆದುಕೊಳ್ಳಿ. ಮರಿಯಿದ್ದ ಕೋಣೆಯನ್ನು ಮಣ್ಣಿನ ಗಟ್ಟಿಯ ಸಮೇತ ಎತ್ತಿ, ಒದ್ದೆ ಹತ್ತಿಯಿಟ್ಟ ಡಬ್ಬಿಯಲ್ಲಿ ಕತ್ತಲಲ್ಲಿ ಇಟ್ಟರೆ ನೊಣವಾಗುವವರೆಗೆ ಬದುಕಬಹುದು. ಹತ್ತಿ ಉಂಡೆಗೆ ತಾಗಿದರೆ ಮಾತ್ರ ಎರಡೇ ದಿನಕ್ಕೆ ಬೂಸು.

ಹೊಲದಲ್ಲಿ ಎಡವುವುದು ಎಲ್ಲಿ

ಬದನೆ, ಟೊಮೆಟೊ ಹೂವಿನ ಪರಾಗ ಕೇಸರದ ತುದಿಯ ಸಣ್ಣ ಬಾಯಿಂದ ಮಾತ್ರ ಉದುರುತ್ತದೆ. ಹೊಪ್ಲೊನೊಮಿಯಾ ಹೂವನ್ನು ತಬ್ಬಿ ಮೈಯನ್ನು ಜುಂಯ್ ಎಂದು ನಡುಗಿಸಿ ಅದನ್ನು ಉದುರಿಸುತ್ತದೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬರುವುದಿಲ್ಲ. ತಂಗಡಿ ಹೂವಿನದ್ದೂ ಇದೇ ಬಗೆ. ಬದನೆ ಮಡಿಯ ಪಕ್ಕದ ವಡ್ಡಿನಲ್ಲಿ ತಂಗಡಿ ಎರಡು ಗಿಡ ಇರಲಿ ಅನ್ನುವುದು ಅದಕ್ಕೇ. ಸೂರ್ಯಕಾಂತಿ, ಎಳ್ಳಿಗೂ ಈ ಬಳಗ ಬರುತ್ತದೆ. ಆದರೆ ಸಣ್ಣ ಜಾತಿಗಳು ಗೂಡಿನಿಂದ ಕೆಲವು ನೂರು ಮೀಟರಿನೊಳಗೇ ಸುತ್ತುತ್ತವೆ, ಊರಾಚೆಯ ಗುಡ್ಡದ ಗೂಡು ನಿಮ್ಮ ಹೊಲಕ್ಕೆ ಒದಗುವುದಿಲ್ಲ.

ಸಂಜೆ ಔಷಧಿ ಹೊಡೆಯಿರಿ, ಜೇನು ಮನೆಗೆ ಹೋಗಿರುತ್ತದೆ ಅನ್ನುವ ಸಲಹೆ ಪೆಟ್ಟಿಗೆಯ ಜೇನಿಗೆ ಸರಿ. ನೆಲದ ನೊಣಕ್ಕೆ ಅರ್ಧ ಸರಿ. ಅದರ ಮನೆ ಹೊಲದ ಅಂಚಿನಲ್ಲೇ ಇದೆ, ಹೊಡೆದದ್ದು ಬಾಗಿಲ ಮೇಲೇ ಬೀಳುತ್ತದೆ. ರಾತ್ರಿ ಅದೇ ಮಣ್ಣನ್ನು ಅದು ದವಡೆಯಲ್ಲಿ ಕೆರೆಯುತ್ತದೆ. ಹಾಗಾಗಿ ಸಂಜೆ ಹೊಡೆಯುವುದರ ಜೊತೆಗೆ ಗೂಡಿರುವ ವಡ್ಡಿನ ಕಡೆಯ ಎರಡು ಮೀಟರ್ ಬಿಡಿ, ಗಾಳಿ ಆ ಕಡೆ ಬೀಸುವಾಗ ಪಂಪು ಇಳಿಸಿ. ಕ್ಲೋರ್‌ಪೈರಿಫಾಸ್‌ನಂಥದ್ದನ್ನು ಗೆದ್ದಲಿಗೆಂದು ವಡ್ಡಿಗೆ ಸುರಿಯುವುದು ಎಲ್ಲಕ್ಕಿಂತ ಕೆಟ್ಟದ್ದು, ಅದು ನೇರ ಕೋಣೆಗೇ ಇಳಿಯುತ್ತದೆ.

ಎಡೆಕುಂಟೆ ಮೇಲಿನ ಎರಡು ಮೂರು ಬೆರಳು ಮಣ್ಣನ್ನಷ್ಟೇ ಕೆದರುತ್ತದೆ, ಮುಚ್ಚಿದ ಬಾಯಿಯನ್ನು ನೊಣ ಮತ್ತೆ ತೆರೆಯುತ್ತದೆ. ರೋಟವೇಟರ್ ಮೇಲಿನ ಕೋಣೆಗಳನ್ನು ಪುಡಿ ಮಾಡುತ್ತದೆ. ಟ್ರ್ಯಾಕ್ಟರಿನ ಆಳದ ನೇಗಿಲು ಪೂರ್ತಿ ಮಗುಚಿ ಹಾಕುತ್ತದೆ. ವಡ್ಡನ್ನು ಒತ್ತರಿಸಿ ಒಂದು ಸಾಲು ಹೆಚ್ಚು ಬಿತ್ತುವ ಚಾಳಿಯಿಂದ ಸಿಗುವ ಕಾಳೆಷ್ಟು? ಕಳೆದುಕೊಳ್ಳುವುದು ಹತ್ತಾರು ವರ್ಷದಿಂದ ಅಲ್ಲೇ ಬಾಳಿದ ಹಿಂಡು ಇರಬಹುದು. ಹುಟ್ಟಿದ ಹೆಣ್ಣು ತಾಯಿಯ ಗೂಡಿನ ಹತ್ತಿರವೇ ಹೊಸದು ತೋಡುವುದರಿಂದ ಹಿಂಡು ನಿಧಾನವಾಗಿ ಬೆಳೆಯುತ್ತದೆ, ಒಮ್ಮೆ ಅಳಿದರೆ ಬೇಗ ಮರಳುವುದಿಲ್ಲ.

ದಾಳಿಂಬೆ ತೋಟ, ತರಕಾರಿ ಮಡಿಯ ಬದಿಗೆ ಹೊಸದಾಗಿ ಜಾಗ ಮಾಡುವವರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ ಸಾಕೆಂದು ತಿಳಿಯಲಿ. ಬೆಳಗಿನ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು. ಹುಲ್ಲು ಬೇರುಸಮೇತ ಕಿತ್ತು, ಎರೆಯಾದರೆ ಒಂದೂವರೆ ಅಡಿ ತೆಗೆದು ಮಸಾರಿಗೆ ಮೂರನೇ ಒಂದು ಪಾಲು ಮರಳು ಕೂಡಿಸಿ ತುಂಬಿ. ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ದಿಮ್ಮಸು ಬಡಿಯಿರಿ. ಸಡಿಲ ಬಿಟ್ಟರೆ ಮೊದಲ ದೊಡ್ಡ ಮಳೆಗೆ ಕುಸಿಯುತ್ತದೆ. ಒಂದು ಕಡೆಗೆ ತುಸು ಇಳಿಜಾರು ಕೊಡಿ. ಮೇಲೆ ಅಲ್ಲಲ್ಲಿ ಹೆಬ್ಬೆರಳ ಗಾತ್ರದ ಹರಳುಕಲ್ಲು ಹರವಿ. ಅಮೆರಿಕದಲ್ಲಿ ರುಬಿಕುಂಡಸ್ ನೊಣ ಹರಳು ಹಾಸಿದ ನೆಲಕ್ಕೆ ಬಂದು ಗೂಡು ಮಾಡಿದ್ದು 2015ರಲ್ಲಿ ವರದಿಯಾಗಿದೆ. ಕಲ್ಲಿನಡಿ ಹಸಿ ಉಳಿಯುತ್ತದೆ, ಮಳೆಹನಿ ಬಾಯಿಯನ್ನು ಕೆಡಿಸುವುದಿಲ್ಲ. ಮುಚ್ಚಿಗೆ, ಪ್ಲಾಸ್ಟಿಕ್ ಹಾಳೆ, ಡ್ರಿಪ್ ಪೈಪಿನ ತೊಟ್ಟು ಇಲ್ಲಿಗೆ ಬೇಡ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಕಳೆ ಕೈಯಿಂದ ಕಿತ್ತರೆ ಸಾಕು. ಮೊದಲ ವರ್ಷ ಒಂದೂ ಬಾರದಿದ್ದರೆ ಕೆಡಿಸಬೇಡಿ. ಸುತ್ತಲ ಕೆಲವು ನೂರು ಮೀಟರಿನಲ್ಲಿ ಹಳೆಯ ಹಿಂಡಿದ್ದರೆ ಮಾತ್ರ ಬೇಗ ಬರುತ್ತವೆ.

ಬೇಸಿಗೆಯಲ್ಲಿ ವಡ್ಡಿನ ಹುಲ್ಲಿಗೆ ಬೆಂಕಿ ಇಡುವುದರಿಂದ ಗೇಣು ಆಳದ ಕೋಣೆಗೆ ಬಿಸಿ ಅಷ್ಟಾಗಿ ತಟ್ಟುವುದಿಲ್ಲ, ಕೆಡುವುದು ಮಳೆಗಾಲದ ಮೊದಲ ಹೂವು. ಬೇಸಿಗೆಯ ನಿಜವಾದ ಅಪಾಯ ಬೇರೆ: ಆಗ ಒಂದು ತೂತೂ ಕಾಣುವುದಿಲ್ಲ. ಗುಡ್ಡೆಗಳು ಗಾಳಿಗೆ ಹಾರಿ ನೆಲ ಸಪಾಟಾಗಿರುತ್ತದೆ. ಜೆಸಿಬಿ ಬಂದು ವಡ್ಡು ನೇರ ಮಾಡುವುದು, ಮಣ್ಣು ಹೇರುವುದು ಆಗಲೇ. ಕಷ್ಟಕಾಲವನ್ನು ಲೇಸಿಯೊಗ್ಲಾಸಮ್, ಹ್ಯಾಲಿಕ್ಟಸ್ ಗುಂಪು ಗಂಡಿನೊಡನೆ ಕೂಡಿದ ಹೆಣ್ಣುನೊಣದ ರೂಪದಲ್ಲಿ ಕಳೆಯುತ್ತದೆ, ನೊಮಿಯಾ ಗುಂಪು ಉಂಡೆ ಮುಗಿಸಿ ಸುಮ್ಮನಾದ ಮರಿಹುಳುವಿನ ರೂಪದಲ್ಲಿ. ಹಸ್ತ, ಚಿತ್ತಿ ಮಳೆಯ ಹೊತ್ತಿಗೆ ಗೂಡು ಕಂಡ ಜಾಗದ ನಾಲ್ಕು ಮೂಲೆಗೆ ಸುಣ್ಣ ಬಳಿದ ಕಲ್ಲು ನೆಟ್ಟುಬಿಡಿ, ಚೈತ್ರದಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೆ ಆ ಕಲ್ಲು ತೋರಿಸಿ.